ನಡುಮೈದಾನದ ಕೆಂಪಯ್ಯ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಜನರ ನಾಲಗೆಯ ಮೇಲೆ ನಿಲ್ಲುತ್ತದೆ. ಎದುರಾಳಿಯ ಆಕ್ರಮಣವನ್ನು ನಡುಮೈದಾನದಲ್ಲಿಯೇ ತಡೆದು, ಚೆಂಡನ್ನು ವಶಪಡಿಸಿಕೊಂಡು, ಅದನ್ನು ಮುಂದಣವರ ಕಾಲಿಗೆ ಸಕಾಲದಲ್ಲಿ ಒಪ್ಪಿಸುವವನ ಹೆಸರಾದರೋ ಬಹುಬೇಗನೆ ವಿಸ್ಮೃತಿಗೆ ಸಲ್ಲುತ್ತದೆ. ಅಂದು ಹಾಫ್‌ಬ್ಯಾಕ್ ಎನಿಸಿಕೊಂಡಿದ್ದ ಈ ದುಷ್ಕರ ಸ್ಥಾನದಲ್ಲಿ ಆಡಿ, ಎರಡು ಒಲಿಂಪಿಕ್ಸ್‌ಗಳ ಭಾರತ ತಂಡದಲ್ಲಿ ಸ್ಥಾನವನ್ನು ಪಡೆದ ಬೆಂಗಳೂರಿನ ಎಂ. ಕೆಂಪಯ್ಯನವರನ್ನು ಕನ್ನಡಿಗರು ಇಷ್ಟು ವಿರಳವಾಗಿ ಸ್ಮರಿಸುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ ಪಳಗಿದ ಆ ತಂಡವು 1956ರಲ್ಲಿ ಮೆಲ್ಬರ್ನ್ ನಗರದಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ, ಒಲಿಂಪಿಕ್ಸ್ ಕಾಲ್ಚೆಂಡಾಟದ ಉಪಾಂತ್ಯವನ್ನು ಮುಟ್ಟಿದ ಪ್ರಥಮ ಏಷ್ಯಾ ತಂಡವೆಂಬ ಕೀರ್ತಿಗೆ ಪಾತ್ರವಾಯಿತು. ನೆವಿಲ್ ಡಿಸೋಜರು ಅಂದು ಮೂರು ಗೋಲುಗಳನ್ನು ಹೊಡೆದರು. ಉಪಾಂತ್ಯದಲ್ಲಿ ಯುಗೊಸ್ಲಾವಿಯದ ವಿರುದ್ಧ ಮೊದಲ ಗೋಲೂ ನಮ್ಮದೇ. ಆದರೂ ಪಂದ್ಯವು 4-1ರಿಂದ ಕೈಬಿಟ್ಟುಹೋಗಿ, ಬಲ್ಗೇರಿಯಕ್ಕೂ ಸೋತು ನಾಲ್ಕನೆಯ ಸ್ಥಾನವೇ ದಕ್ಕಿತು. ಅದಕ್ಕಿಂತ ಮೇಲಣ ಸ್ಥಾನವನ್ನು ಭಾರತವು ಆ ಕೂಟದಲ್ಲಿ ಇಂದಿಗೂ ಪಡೆದಿಲ್ಲ.

1960ರ ರೋಮ್‌ನಲ್ಲಿ ಫಲಿತಾಂಶ ಕೃಶವಾಗಿದ್ದರೂ ಆಟವು ಕೃಶವಾಗಿರಲಿಲ್ಲ: ಬಲಿಷ್ಠ ಹಂಗೆರಿಗೆ 2-1ರ ಅಲ್ಪಾಂತರದ ಸೋಲು, ಫ್ರಾನ್ಸಿನೊಡನೆ 1-1ರ ಸಮಬಲ.

ಆಟವೇ ವೃತ್ತಿಯೆನಿಸದ ಆ ಕಾಲದಲ್ಲಿ ಪ್ರತಿಭಾವಂತನಿಗೆ ಕಲ್ಕತ್ತೆಯೇ ಪರಮಕ್ಷೇತ್ರವಾಗಿತ್ತು. ಕೆಂಪಯ್ಯನವರೂ ಅಲ್ಲಿನ ಮೋಹನ್ ಬಾಗಾನ್ ಕ್ಲಬ್ಬಿನ ಪರವಾಗಿ ಮುಂಚೂಣಿ ಆಟಗಾರ ಚುನಿ ಗೋಸ್ವಾಮಿಯವರೊಡನೆ ಆಡಿದರು.