ಹಡಗಿಗೆ ಯಾವ ಕವಚ?

ಯುದ್ಧಕ್ಕೆ ಹೊರಟ ಯೋಧನಿಗೆ ಕವಚ ಬೇಕಾಗುವಂತೆ ಕಡಲಿಗಿಳಿಯುವ ಹಡಗಿಗೂ ಕವಚ ಬೇಕು. ಆದರೆ ಹಡಗಿನ ಶತ್ರುಗಳು ಬಹುರೂಪಿಗಳು. ನೀರಿನಡಿಯ ಬಂಡೆ ಒಂದು, ಫಿರಂಗಿಯ ಗುಂಡು ಇನ್ನೊಂದು, ಹಲಗೆಯೊಳಗೆ ಸದ್ದಿಲ್ಲದೆ ಸುರಂಗ ತೋಡುವ ಹುಳು ಮತ್ತೊಂದು. ಒಂದಕ್ಕೆ ಬೆನ್ನು ಕಾಯ್ದುಕೊಂಡರೆ ಮತ್ತೊಂದಕ್ಕೆ ಎದೆಯೊಡ್ಡಿದಂತಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ಬಂದರುಗಳ ಕರಾವಳಿ ಈ ಸತ್ಯವನ್ನು ಶತಮಾನಗಳಿಂದ ಕಂಡುಂಡಿದೆ.

14ನೆಯ ಶತಮಾನದಲ್ಲಿ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದನು. ಅಲ್ಲಿನ ಸುಲ್ತಾನನು ಗೋವೆಯ ಮೇಲೆ ದಂಡೆತ್ತಿ ಹೋದಾಗ ತಾನೂ ಜೊತೆಗೂಡಿದನು. ಹಿಂಭಾಗ ತೆರೆದಿದ್ದ ಹಡಗುಗಳಲ್ಲಿ ಸವಾರರು ಕುದುರೆಯೇರಿ, ಕವಚ ತೊಟ್ಟು, ನೇರವಾಗಿ ದಡಕ್ಕೆ ಧುಮುಕುತ್ತಿದ್ದುದನ್ನು ಅವನು ವರ್ಣಿಸಿದ್ದಾನೆ. ಆಗಿನ ಹಿಂದೂ ಮಹಾಸಾಗರದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆದುಹೋಗುವುದು, ಹೊಲಿದ ಹಡಗು ಬಾಗಿ ಉಳಿದುಕೊಳ್ಳುವುದು ಎಂಬುದು ಅವನು ಕೊಟ್ಟ ಕಾರಣ.

ಆದರೆ ಬಂಡೆಗೆ ಬಗ್ಗಿದ ಹುರಿ ಬೆಂಕಿಗೆ ಬಗ್ಗಲಿಲ್ಲ. 1502ರಲ್ಲಿ ಫಿರಂಗಿಗಳನ್ನು ಹೊತ್ತ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳಕ್ಕೆ ಬಂದವು. ವಿಜಯನಗರಕ್ಕೆ ಕುದುರೆ ತರಿಸುತ್ತಿದ್ದ ಆ ಬಂದರು ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತು. 1505ರಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇಡಾ ಹೊನ್ನಾವರದ ಬಂದರಿನಲ್ಲಿ ನಿಂತಿದ್ದ ಹಡಗುಗಳನ್ನು ಸುಟ್ಟನು.

ಗೆದ್ದವನ ಹಡಗೇನೂ ಅಭೇದ್ಯವಾಗಿರಲಿಲ್ಲ. ಫಿರಂಗಿಗೆ ಹೆದರದ ಹಲಗೆಯನ್ನು ಹುಳು ತಿನ್ನುತ್ತಿತ್ತು! ಹೆಸರಿಗೆ ಹುಳುವಾದರೂ ಅದು ಬಳಚಿನ ಬಳಗಕ್ಕೆ ಸೇರಿದ ಎರಡು ಚಿಪ್ಪಿನ ಜೀವಿ. ತಲೆಯ ಮೇಲಿನ ಚಿಕ್ಕ ಚಿಪ್ಪುಗಳನ್ನೇ ಅರದಂತೆ ಉಜ್ಜಿ ಮರವನ್ನು ಕೊರೆಯುತ್ತದೆ. ಹೊರಗೆ ಸೂಜಿಮೊನೆಯಷ್ಟು ರಂಧ್ರ. ಒಳಗೆ ಇಡೀ ಹಲಗೆ ಜರಡಿ. ನಡುಗಡಲಿನಲ್ಲಿ ತಳ ಕಿತ್ತುಹೋಗುವವರೆಗೂ ನಾವಿಕನಿಗೆ ಅಪಾಯದ ಸುಳಿವೇ ಇರುವುದಿಲ್ಲ.

ನಮ್ಮ ಕರಾವಳಿಯವರ ಮದ್ದು ಸರಳವಾದುದು. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಸುಣ್ಣದ ಲೇಪ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಒಣಗಿಸುವುದು. ಖರ್ಚು ಕಡಿಮೆ, ಆದರೆ ಬಿಡುವಿಲ್ಲದ ದುಡಿಮೆ. ಒಂದು ವರ್ಷ ಮೈಮರೆತರೂ ಹುಳು ಮೈಮರೆಯದು.

ಬ್ರಿಟಿಷ್ ನೌಕಾಪಡೆಯವರು ಬೇರೆ ದಾರಿ ಹಿಡಿದರು. 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿದರು. ಹುಳು ಸೋತಿತು. ಆದರೆ ಉಪ್ಪುನೀರಿನಲ್ಲಿ ತಾಮ್ರದ ನೆರೆಯಲ್ಲಿದ್ದ ಕಬ್ಬಿಣದ ಮೊಳೆಗಳು ಸವೆದುಹೋದವು. ಕವಚವೇ ಕೀಲುಗಳನ್ನು ತಿಂದಿತ್ತು! ಕೊನೆಗೆ ಮೊಳೆಗಳನ್ನೂ ತಾಮ್ರದ ಮಿಶ್ರಲೋಹದಿಂದ ಮಾಡಬೇಕಾಯಿತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ತಾಮ್ರವೂ ಸವೆಯದಂತೆ ಅದಕ್ಕೆ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿದನು. ತಾಮ್ರವೇನೋ ಉಳಿಯಿತು, ಆದರೆ ಅದು ಕರಗದೆ ಹೋದುದರಿಂದ ತಳದ ತುಂಬ ಪಾಚಿಯೂ ಚಿಪ್ಪುಗಳೂ ಬೆಳೆದು ಹಡಗಿನ ವೇಗವೇ ಕುಂದಿತು.

20ನೆಯ ಶತಮಾನದಲ್ಲಿ ಹಡಗುಗಳ ತಳಕ್ಕೆ ತವರವನ್ನು ಬೆರೆಸಿದ ವಿಷಬಣ್ಣ ಬಂದಿತು. ಅಂಟುವ ಜೀವಿಗಳೆಲ್ಲ ಸತ್ತವು. ಆದರೆ ವಿಷ ನೀರಿಗೂ ಇಳಿದು ಯೂರೋಪಿನ ತೀರದಲ್ಲಿ ಸಿಂಪಿಗಳ ಚಿಪ್ಪು ವಿಕಾರಗೊಂಡು ಸಂತತಿ ಕುಗ್ಗಿತು. 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವು 2008ರಲ್ಲಿ ಜಾರಿಗೆ ಬಂದು ಆ ಬಣ್ಣ ನಿಷಿದ್ಧವಾಯಿತು.

ಈ ನಿಷೇಧದ ಬೆಲೆಯನ್ನು ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ನಿಂತು ನೋಡಬೇಕು. ಇಳಿತದ ವೇಳೆಯಲ್ಲಿ ಹೆಂಗಸರೂ ಗಂಡಸರೂ ಮೊಣಕಾಲು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಅದರಿಂದ. ಹಡಗು ಕೊರೆಯುವ ಹುಳುವೂ ಹೊಟ್ಟೆ ತುಂಬಿಸುವ ಬಳಚೂ ಒಂದೇ ಬಳಗದವು. ಒಂದನ್ನು ಕೊಲ್ಲಲು ನೀರಿಗೆ ಬಿಟ್ಟ ವಿಷಕ್ಕೆ ಇನ್ನೊಂದರ ಗುರುತು ಸಿಗುವುದಿಲ್ಲ.

ಯಾವ ಶತ್ರುವನ್ನು ತಡೆಯಬೇಕೆಂದು ತಿಳಿದವನು ಅರ್ಧ ಬಲ್ಲವನು. ಆ ಕವಚ ಇನ್ನಾರನ್ನು ಇರಿದೀತೆಂದು ಮೊದಲೇ ಎಣಿಸಿದವನೇ ನಿಜವಾದ ನಾವಿಕನು.