ಸಾಲದ ವಾಹನ: ಕಂಪೆನಿ ದಿವಾಳಿಯಾದಾಗ ಯಾರ ಹಕ್ಕು ಎಷ್ಟು?

ಕಂತು ತಪ್ಪಿದರೆ ಫೈನಾನ್ಸ್‌ನವರು ವಾಹನವನ್ನು ಎಳೆದೊಯ್ಯುತ್ತಾರೆ ಎಂಬುದು ಕಡಬ ತಾಲೂಕಿನ ಕೊಯಿಲದಿಂದ ಬೆಂಗಳೂರಿನ ಪೀಣ್ಯದವರೆಗೆ ಎಲ್ಲರೂ ಬಲ್ಲ ಸಂಗತಿ. ಆದರೆ ಸಾಲಗಾರ ಒಂದು ಕಂಪೆನಿಯಾಗಿದ್ದು, ಅದರ ವಿರುದ್ಧದ ಅರ್ಜಿಯನ್ನು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿ ಅಂಗೀಕರಿಸಿದರೆ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ.

2016ರ ದಿವಾಳಿ ಸಂಹಿತೆಯ 14ನೇ ಕಲಮಿನ ಪ್ರಕಾರ ಅಂದಿನಿಂದಲೇ ವಸೂಲಿಗೆ ತಡೆ ಜಾರಿಯಾಗುತ್ತದೆ. ಬ್ಯಾಂಕು ತನ್ನ ಭದ್ರತೆಯನ್ನು ಚಲಾಯಿಸುವಂತಿಲ್ಲ. ಅಷ್ಟೇ ಅಲ್ಲ, ವಾಹನವನ್ನು ಗುತ್ತಿಗೆಗೆ ನೀಡಿದ ನಿಜವಾದ ಮಾಲೀಕನೂ ಅದನ್ನು ಕಂಪೆನಿಯ ಸ್ವಾಧೀನದಿಂದ ಬಿಡಿಸಿಕೊಳ್ಳುವಂತಿಲ್ಲ. ರಾತ್ರೋರಾತ್ರಿ ಲಾರಿ ಎಳೆಯುವವರ ಪರಿಣತಿ ಇಲ್ಲಿ ಉಪಯೋಗಕ್ಕೆ ಬಾರದು. ಬಸ್ಸುಗಳೇ ಇಲ್ಲದ ಸಾರಿಗೆ ಕಂಪೆನಿಯನ್ನು ಉಳಿಸುವುದು ಅಸಾಧ್ಯ ಎಂಬುದೇ ಇದರ ಹಿಂದಿನ ತರ್ಕ.

ಹಾಗೆಂದು ಸಾಲದಾತನ ಹಕ್ಕು ಅಳಿಯುವುದಿಲ್ಲ. ಆತ ತನ್ನ ಬಾಕಿಯನ್ನು ಪರಿಹಾರ ವೃತ್ತಿಪರನ ಮುಂದೆ ದಾಖಲಿಸಬೇಕು. ಸಾಲದಾತರ ಸಮಿತಿಯಲ್ಲಿ ಆತನಿಗೆ ಮತವಿರುತ್ತದೆ. ಶೇ. 66ರಷ್ಟು ಮತ ಪಡೆದು ನ್ಯಾಯಮಂಡಳಿಯ ಮುದ್ರೆಯೊತ್ತಿಸಿಕೊಂಡ ಯೋಜನೆ ಎಲ್ಲರಿಗೂ ಅನ್ವಯ. ಗುತ್ತಿಗೆಗೆ ಕೊಟ್ಟವನ ವಿಷಯ ಬೇರೆ. ತಡೆಯಿಂದಾಗಿ ಅವನಿಗೆ ಸಲ್ಲಬೇಕಾದ ಮೊತ್ತವನ್ನು ಪ್ರಕ್ರಿಯೆಯ ವೆಚ್ಚವೆಂದು ಪರಿಗಣಿಸಿ ಇತರ ಸಾಲಗಳಿಗಿಂತ ಮೊದಲು ಪಾವತಿಸಬೇಕು. ಇದೆಲ್ಲ ಮುಗಿಯಲು ಸಂಹಿತೆ ನೀಡಿರುವ ಗರಿಷ್ಠ ಅವಧಿ 330 ದಿನ. ಅಷ್ಟರಲ್ಲಿ ಟೈರು ಸವೆಯುತ್ತದೆ, ವಾಹನದ ಬೆಲೆ ಇಳಿಯುತ್ತದೆ.

ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರಲ್ಲಿ ನೆಲಕಚ್ಚಿದಾಗ ಈ ಸಂಹಿತೆ ಇರಲಿಲ್ಲ. ಗುತ್ತಿಗೆಗೆ ಕೊಟ್ಟವರು ವಿಮಾನಗಳನ್ನು ಹಿಂಪಡೆದರು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಪೆನಿಯನ್ನು ಮುಚ್ಚಲು ಆದೇಶಿಸಿತು. 2023ರ ಮೇ 10ರಂದು ಗೋ ಫಸ್ಟ್ ವಿಮಾನ ಸಂಸ್ಥೆಯ ಅರ್ಜಿ ಅಂಗೀಕಾರವಾದಾಗ ಚಿತ್ರ ತಿರುವು ಮುರುವಾಯಿತು. ವಿಮಾನಗಳು ನಿಂತಲ್ಲೇ ನಿಂತವು. ವಿದೇಶಿ ಗುತ್ತಿಗೆ ಸಂಸ್ಥೆಗಳ ಆಕ್ರೋಶದ ನಡುವೆ ಕೇಂದ್ರ ಸರಕಾರ ಅದೇ ವರ್ಷದ ಅಕ್ಟೋಬರ್ 3ರಂದು ವಿಮಾನಗಳನ್ನು ಈ ತಡೆಯಿಂದ ಹೊರಗಿಟ್ಟಿತು. 2024ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದುಪಡಿಸಲು ಸೂಚಿಸಿತು. ಬಸ್ಸು ಲಾರಿಗಳಿಗೆ ಸಾಲ ಕೊಟ್ಟವರಿಗೆ ಅಂಥ ವಿನಾಯಿತಿ ದೊರೆಯಲಿಲ್ಲ. ಅವರ ದನಿ ದಿಲ್ಲಿಗೆ ಅಷ್ಟು ಬೇಗ ಕೇಳಿಸುವುದೂ ಇಲ್ಲ.

ಸಾಲದಾತರು ಎಡವುವ ಮತ್ತೊಂದು ಸ್ಥಳವಿದೆ. ನೋಂದಣಿ ಪತ್ರದಲ್ಲಿ ಫೈನಾನ್ಸ್ ಸಂಸ್ಥೆಯ ಹೆಸರಿದ್ದರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸಾಲಗಾರ ಕಂಪೆನಿಯಾಗಿದ್ದರೆ 2013ರ ಕಂಪೆನಿ ಕಾಯಿದೆಯ 77ನೇ ಕಲಮಿನಂತೆ ಆ ಋಣಭಾರವನ್ನು ಕಂಪೆನಿ ರಿಜಿಸ್ಟ್ರಾರರಲ್ಲೂ ದಾಖಲಿಸಬೇಕು. ಶ್ರೀ ಬಾಲಾಜಿ ಪ್ರಿಂಟೋಪ್ಯಾಕ್ ಎಂಬ ಕಂಪೆನಿ ಸಮಾಪನಗೊಂಡಾಗ, ಅದಕ್ಕೆ ಕಾರಿನ ಸಾಲ ಕೊಟ್ಟಿದ್ದ ಫೋಕ್ಸ್‌ವ್ಯಾಗನ್ ಫೈನಾನ್ಸ್ ಆರ್‌ಟಿಒ ದಾಖಲೆಯನ್ನಷ್ಟೇ ನೆಚ್ಚಿತ್ತು. ಅದು ಭದ್ರತೆಯುಳ್ಳ ಸಾಲದಾತನಲ್ಲ ಎಂದು ಮೇಲ್ಮನವಿ ನ್ಯಾಯಮಂಡಳಿ 2020ರಲ್ಲಿ ತೀರ್ಪಿತ್ತಿತು. ಕಾರಿನ ಮೇಲಿನ ಹಕ್ಕು ಕೈತಪ್ಪಿ, ಪಾವತಿಯ ಸರದಿಯಲ್ಲೂ ಹಿಂದೆ ಸರಿಯಬೇಕಾಯಿತು.

ಕಂಪೆನಿಗೆ ದೊರೆಯುವ ರಕ್ಷಣೆ ಅದರ ಸಾಲಕ್ಕೆ ಜಾಮೀನು ನಿಂತ ನಿರ್ದೇಶಕನಿಗೆ ದೊರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬ್ಯಾಂಕು ನೇರವಾಗಿ ಅವನ ಮನೆ ಬಾಗಿಲಿಗೆ ಬರಬಹುದು.

ಇನ್ನು ಸ್ವಂತ ಹೆಸರಿನಲ್ಲಿ ಒಂದೆರಡು ವಾಹನ ಇಟ್ಟುಕೊಂಡು ಬಾಳು ನಡೆಸುವವರು. ಕೊಯಿಲದಂಥ ಊರುಗಳಲ್ಲಿ ವಾಹನ ಇಟ್ಟವರು ಹೆಚ್ಚಾಗಿ ಇವರೇ. ಇವರು ಕಂಪೆನಿಗಳಲ್ಲ, ಆದ್ದರಿಂದ 14ನೇ ಕಲಮಿನ ನೆರಳು ಇವರ ಮೇಲೆ ಬೀಳುವುದಿಲ್ಲ. ಇವರ ಪಾಲಿಗೆ ಉಳಿದಿರುವುದು ಸಾಲ ಒಪ್ಪಂದದ ಷರತ್ತುಗಳು, ರಿಸರ್ವ್ ಬ್ಯಾಂಕಿನ ವಸೂಲಿ ನಿಯಮಗಳು, ಮತ್ತು ತೋಳ್ಬಲದ ವ್ಯಕ್ತಿಗಳನ್ನು ಬಿಟ್ಟು ವಾಹನ ವಶಪಡಿಸಿಕೊಳ್ಳಕೂಡದು, ಕಾನೂನಿನ ಮಾರ್ಗವನ್ನೇ ಹಿಡಿಯಬೇಕು ಎಂದು ಪ್ರಕಾಶ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದ ಮಾತು.