ಬಾಗಿಲು ತಟ್ಟಿದಾಗ ಮನೆಯಲ್ಲಿ ಸಿಗದವರು

ಮಾದಕ ವಸ್ತುಗಳ ಚಟಕ್ಕೆ ಬಿದ್ದವರನ್ನು ಲೆಕ್ಕ ಹಾಕುವುದು ಜನಗಣತಿಯಂತೆ ಮನೆಮನೆಯ ಬಾಗಿಲು ತಟ್ಟಿ ಮುಗಿಸುವ ಕೆಲಸವಲ್ಲ. ದೆಹಲಿಯ ಏಮ್ಸ್ ಸಂಸ್ಥೆಯ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 2,00,111 ಮನೆಗಳಿಗೆ ಹೋಗಿ 10ರಿಂದ 75 ವರ್ಷದವರೆಗಿನ 4,73,569 ಜನರನ್ನು ಮಾತನಾಡಿಸಲಾಯಿತು. ಕುಡಿತದಂತಹ ಬಹಿರಂಗ ಚಟಕ್ಕೆ ಇಷ್ಟು ಸಾಕು; ಈ ವಯೋಮಾನದವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆಂದು ತಿಳಿದುಬಂತು. ಹೆರಾಯಿನ್ ಸೇದುವವರಾದರೋ ಎಷ್ಟೋ ಸಲ ಮನೆ ಬಿಟ್ಟಿರುತ್ತಾರೆ, ಇಲ್ಲವೇ ಜೈಲಿನಲ್ಲಿರುತ್ತಾರೆ, ಮನೆಯಲ್ಲೇ ಇದ್ದರೂ ಹೆತ್ತವರು ಕೇಳಿಸಿಕೊಳ್ಳುವಂತೆ ಅಪರಿಚಿತರೆದುರು ಹೌದೆನ್ನುವುದಿಲ್ಲ.

ಆದ್ದರಿಂದಲೇ 123 ಜಿಲ್ಲೆಗಳಲ್ಲಿ ಇನ್ನೊಂದು ದಾರಿ ಹಿಡಿದು 72,642 ವ್ಯಸನಿಗಳನ್ನು ತಲುಪಲಾಯಿತು. ಮೊದಲು ಕೆಲವರನ್ನು ಸಂದರ್ಶಿಸಿ, ಅವರ ಕೈಗೆ ಒಂದೆರಡು ಕೂಪನ್ ಕೊಟ್ಟು, ತಮ್ಮಂತೆಯೇ ಇರುವ ಗೆಳೆಯರಿಗೆ ತಲುಪಿಸಲು ಹೇಳಲಾಗುತ್ತದೆ. ಆ ಚೀಟಿ ಹಿಡಿದು ಬಂದವರು ಮತ್ತೆ ಕೆಲವರನ್ನು ಕರೆತರುತ್ತಾರೆ, ಸರಪಳಿ ಬೆಳೆಯುತ್ತದೆ. ಇಲಾಖೆಯ ಮುದ್ರೆಗಿಂತ ಗೆಳೆಯನ ಮಾತಿಗೇ ಇಲ್ಲಿ ಬೆಲೆ ಹೆಚ್ಚು. ಹೀಗೆ ಬಂದವರಲ್ಲಿ ನೂರಕ್ಕೆ ಐವರು ಒಂದು ನಿರ್ದಿಷ್ಟ ವರ್ಷದಲ್ಲಿ ಚಿಕಿತ್ಸೆ ಪಡೆದೆವೆಂದು ಹೇಳಿ, ಆ ಜಿಲ್ಲೆಯ ಚಿಕಿತ್ಸಾ ಕೇಂದ್ರಗಳ ದಾಖಲೆಯಲ್ಲಿ ಆ ವರ್ಷ 500 ಹೆಸರುಗಳಿದ್ದರೆ, ಒಟ್ಟು ವ್ಯಸನಿಗಳು ಸುಮಾರು 10,000 ಎಂದು ಅಂದಾಜಿಸಬಹುದು. ಇದಕ್ಕೆ ಗುಣಕ ವಿಧಾನವೆಂದು ಹೆಸರು.

ಕಾಲದಿಂದ ಕಾಲಕ್ಕೆ ಹೋಲಿಸಿದಾಗ ಚಟದ ಜಾಡು ಕಾಣುತ್ತದೆ. 2004ರ ಇಂಥದೇ ಸಮೀಕ್ಷೆಯ ವರದಿಯಲ್ಲಿ ಅಫೀಮು ವರ್ಗದ ಪದಾರ್ಥಗಳಲ್ಲಿ ಕಚ್ಚಾ ಅಫೀಮೇ ಮುಂದಿತ್ತು. 2019ರ ಹೊತ್ತಿಗೆ ಹೆರಾಯಿನ್ ಶೇ. 1.14ರಷ್ಟಿದ್ದು ಮುಂದೆ ಬಂದು, ನೋವುನಿವಾರಕ ಮಾತ್ರೆಗಳಂತಹ ಔಷಧಗಳು ಶೇ. 0.96ರೊಂದಿಗೆ ಅದರ ಬೆನ್ನಿಗೇ ಇದ್ದು, ಅಫೀಮು ಶೇ. 0.52ರಲ್ಲಿ ಹಿಂದೆ ಬಿದ್ದಿತ್ತು. ಹಳೆಯ ಸಮೀಕ್ಷೆ ಗಂಡಸರನ್ನಷ್ಟೇ ಕೇಳಿದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಏರಿಕೆ ಅಳೆಯುವುದು ಸರಿಯಲ್ಲ, ಆದರೆ ಮೊದಲ ಸ್ಥಾನ ಬದಲಾಗಿರುವುದು ಕಡೆಗಣಿಸುವ ಮಾತಲ್ಲ, ಏಕೆಂದರೆ ಹೆರಾಯಿನ್ ಬೇಗ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ, ಸೂಜಿಯ ಮೂಲಕ ಒಳಹೊಕ್ಕಾಗ ಎಚ್‌ಐವಿಯನ್ನೂ ತರಬಲ್ಲದು.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಕರವಸ್ತ್ರಕ್ಕೆ ಸುರಿದುಕೊಂಡು ಮೂಗಿಗೆ ಒತ್ತಿ ಎಳೆಯುವ ವೈಟ್ನರ್, ಪಂಕ್ಚರ್ ಸಲ್ಯೂಷನ್‌ಗಳ ಲೆಕ್ಕ: ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಇವು ಸ್ಟೇಷನರಿ ಅಂಗಡಿಯಲ್ಲೂ ಸೈಕಲ್ ಶಾಪಿನಲ್ಲೂ ಸಿಗುವ ವಸ್ತುಗಳಾದ್ದರಿಂದ ಪೊಲೀಸರ ಜಪ್ತಿಯ ಪಟ್ಟಿಯನ್ನಷ್ಟೇ ನೋಡುವವರಿಗೆ ಈ ಮಕ್ಕಳು ಕಾಣುವುದೇ ಇಲ್ಲ.

ಗುಣಕ ವಿಧಾನ ನಿಂತಿರುವುದು ಚಿಕಿತ್ಸೆಗೆ ಬಂದವರ ಹೆಸರುಗಳ ಮೇಲೆ. ಆದರೆ ಆ ಹೆಸರುಗಳೇ ವಿರಳ: ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಒಮ್ಮೆಯಾದರೂ ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು ಇಪ್ಪತ್ತಕ್ಕೆ ಒಬ್ಬರು ಮಾತ್ರ ಎಂದು ಅದೇ ವರದಿ ಹೇಳುತ್ತದೆ.